ಅವ್ವನಿಗೆಂದು ಬೆಳೆದ ಸೊಪ್ಪು

ಆಗೆಲ್ಲ ನಮ್ಮ ಕಡೆ ಶಿವರಾತ್ರಿ ಕಳೆಯಿತೆಂದರೆ ಹೊಲದಲ್ಲಿ ಹಸಿರು ಹುಡುಕಿದರೂ ಸಿಗುತ್ತಿರಲಿಲ್ಲ. ಜೋಳ ಕೊಯ್ದ ಕೂಳೆ ಒಣಗಿ ಅಂಗಾಲಿಗೆ ಚುಚ್ಚುತ್ತಿತ್ತು. ಬೇಲಿಯ ಹೊಂಗೆ ಮಾತ್ರ ಹಳೆ ಎಲೆಯನ್ನೆಲ್ಲ ಉದುರಿಸಿ, ಎಣ್ಣೆ ಸವರಿದಂಥ ಹೊಸ ಎಲೆ ಬಿಡುತ್ತಿತ್ತು. ಹುಣಸೆ ಹಣ್ಣಾಗುವ ಕಾಲವೂ ಅದೇ. ಹುಣಸೆಹಣ್ಣಿಗೆ ಉಪ್ಪು, ಬೆಲ್ಲ, ಜೀರಿಗೆ, ಒಣಮೆಣಸಿನಕಾಯಿ ಹಾಕಿ ಕಲ್ಲಿನ ಮೇಲೆ ಜಜ್ಜಿ, ಕಡ್ಡಿಗೆ ಮೆತ್ತಿಕೊಂಡು ಚಿಗಳಿ ಚೀಪಿದವರಿಗೆ ಆ ದಿನಗಳ ರುಚಿ ಇನ್ನೂ ನಾಲಿಗೆಯ ಮೇಲೆ ಇರುತ್ತದೆ. ನಾನು ಐದನೇ ತರಗತಿಯಲ್ಲಿದ್ದ ವರ್ಷ ಮಾತ್ರ ನನ್ನ ಓರಗೆಯವರೆಲ್ಲ ಹುಣಸೆಮರದ ಕೆಳಗೆ ಕೂತು ಚಿಗಳಿ ಚೀಪುತ್ತಿದ್ದಾಗ ನಾನು ಹಿತ್ತಲಿನಲ್ಲಿ ಹಾರೆ ಹಿಡಿದು ನೆಲ ಅಗೆಯುತ್ತಿದ್ದೆ.

ಚಿಕ್ಕಜಾಜೂರಿನಿಂದ ಚಿತ್ರದುರ್ಗದ ಕಡೆ ಹೋಗುವ ರೈಲು ಹಳಿಗೆ ಸ್ವಲ್ಪ ದೂರದಲ್ಲಿ ನಮ್ಮ ಹಟ್ಟಿ. ಇಪ್ಪತ್ತೋ ಇಪ್ಪತ್ತೈದೋ ಮನೆ, ಎಲ್ಲರೂ ಕುರಿ ಕಾಯುವವರು. ನಮ್ಮಪ್ಪ ಈರಣ್ಣನದು ದೊಡ್ಡ ಹಿಂಡಲ್ಲ, ಆದರೂ ಸಾಕಷ್ಟು ಕುರಿ ಇದ್ದವು. ಸುಗ್ಗಿ ಮುಗಿದ ಮೇಲೆ ಅವನ್ನು ಸುತ್ತಲ ಊರಿನ ರೈತರ ಹೊಲದಲ್ಲಿ ತರುಬುತ್ತಿದ್ದರು. ಅಂದರೆ ಒಂದೊಂದು ಹೊಲದಲ್ಲಿ ಕೆಲವು ದಿನ ಕುರಿಗಳನ್ನು ಕೂಡಿ ಹಾಕಿ, ಆ ನೆಲಕ್ಕೆ ಹಿಕ್ಕೆಯ ಗೊಬ್ಬರ ಬೀಳುವಂತೆ ಮಾಡುವುದು. ಅದಕ್ಕೆ ಅವರು ರಾಗಿ, ಜೋಳ ಕೊಡುತ್ತಿದ್ದರು. ಸುತ್ತಲ ಅಷ್ಟೂ ಊರಿನ ಬೆಳೆ ನಮ್ಮ ಕುರಿ ಗೊಬ್ಬರದಲ್ಲಿ ಬೆಳೆಯುತ್ತಿತ್ತು. ನಮ್ಮ ಹಿತ್ತಲಿನಲ್ಲಿ ಮಾತ್ರ ಒಂದು ಕರಿಬೇವಿನ ಗಿಡವೂ ಇರಲಿಲ್ಲ. ಯಾರಿಗೂ ಅದು ಕೊರತೆ ಅನ್ನಿಸಿರಲೂ ಇಲ್ಲ.

ನಮ್ಮವ್ವ ತಿಪ್ಪಮ್ಮ ಆಗ ನಾಲ್ಕೂವರೆ ತಿಂಗಳ ಬಸುರಿ. ಎರಡು ವರ್ಷದ ಹಿಂದೆ ಅವಳಿಗೆ ಒಂದು ಗಂಡುಮಗು ಹುಟ್ಟಿತ್ತು. ಅಂಗೈಯಷ್ಟಿತ್ತು, ಅಳುವುದಕ್ಕೂ ಅದಕ್ಕೆ ಶಕ್ತಿ ಇರಲಿಲ್ಲ. ಹೆಸರಿಡುವ ಮೊದಲೇ ಹೋಯಿತು. ಆಮೇಲೆ ಅವ್ವ ಬಹಳ ದಿನ ಮಾತಾಡಲಿಲ್ಲ. ಒಲೆಯ ಮುಂದೆ ಕೂತವಳು ಬೆಂಕಿ ಆರಿದರೂ ಊದುತ್ತಿರಲಿಲ್ಲ. ನಾನು ಹೋಗಿ ಊದುತ್ತಿದ್ದೆ. ಆ ದಿನಗಳು ಮತ್ತೆ ಬರಬಾರದೆಂದು ನನಗಿದ್ದ ಭಯವನ್ನು ನಾನು ಯಾರಿಗೂ ಹೇಳಿರಲಿಲ್ಲ.

ತಿಂಗಳಿಗೊಮ್ಮೆ ಬರುತ್ತಿದ್ದ ನರ್ಸಮ್ಮ ಶಿವರಾತ್ರಿಗೆ ಮೂರು ವಾರ ಮುಂಚೆ ಬಂದಳು. ಪಡಸಾಲೆಯ ಕಟ್ಟೆಯ ಮೇಲೆ ಅವ್ವನನ್ನು ಕೂರಿಸಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಪಕ್ಕದಲ್ಲಿ ನಿಂತಿದ್ದ ನಾನೂ ಬಗ್ಗಿ ನೋಡಿದೆ. ಒಳಗೆಲ್ಲ ಸುಣ್ಣದ ಬಿಳುಪು.

"ರಕ್ತ ಇಲ್ಲ ತಿಪ್ಪಮ್ಮ ನಿನ್ನ ಮೈಯಾಗೆ," ಅಂದಳು ನರ್ಸಮ್ಮ. "ಮಾತ್ರೆ ಕೊಡ್ತೀನಿ, ತಪ್ಪಿಸ್ಬ್ಯಾಡ. ಬರೀ ಮಾತ್ರೆ ನೆಚ್ಕಂಡು ಕುಂದ್ರಬ್ಯಾಡ. ದಿನಾ ಹಸಿರು ಸೊಪ್ಪು ತಿನ್ನು. ಜೊತಿಗೆ ಟೊಮೇಟೊ, ನಿಂಬೆಹಣ್ಣು, ಏನಾರ ಹುಳಿ ಇರ್ಲಿ. ಹೋದ ಸಲಿ ಆಗಿದ್ದು ಮರೀಬ್ಯಾಡ."

"ಈ ಬಿಸಿಲಾಗೆ ಸೊಪ್ಪು ಎಲ್ಲಿಂದ ತರಾಣ ನರ್ಸಮ್ಮ?" ಅಂದಳು ಅವ್ವ.

ಅವಳು ಹೇಳಿದ್ದು ನಿಜ. ಮಳೆಗಾಲದಲ್ಲಾದರೆ ಹೊಲದ ತುಂಬ ಅಣ್ಣೆಸೊಪ್ಪು, ಗೋಣಿಸೊಪ್ಪು ತಾವೇ ಹುಟ್ಟುತ್ತಿದ್ದವು. ಮಡಿಲು ತುಂಬ ಕಿತ್ತು ತಂದು ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದೆವು. ಈಗ ಉಳಿದಿದ್ದದ್ದು ವಾರದ ಸಂತೆ ಒಂದೇ. ಅಪ್ಪ ತರುತ್ತಿದ್ದ ಕಟ್ಟು ಮನೆಗೆ ಬರುವುದರೊಳಗೇ ಬಾಡಿರುತ್ತಿತ್ತು, ಎರಡನೇ ದಿನಕ್ಕೆ ಕೊಳೆತಿರುತ್ತಿತ್ತು. ಉಳಿದ ದಿನವೆಲ್ಲ ಹುರುಳಿ ಸಾರು, ಉಪ್ಪು ಮೆಣಸಿನಕಾಯಿ.

ನರ್ಸಮ್ಮ ಹೋದ ಮೇಲೆ ಅಜ್ಜಿ, ಅಂದರೆ ಅಪ್ಪನ ತಾಯಿ, ಎಲೆಅಡಿಕೆ ಕುಟ್ಟುತ್ತಾ ಅಂದಳು: "ನಾವೂ ಎಂಟು ಹೆತ್ವಿ. ಯಾವ ಸೊಪ್ಪು ತಿಂದಿದ್ವಿ. ಆಗಾದು ಆಗ್ತೈತೆ."

ಎಂಟರಲ್ಲಿ ಉಳಿದವರು ಮೂವರು ಅನ್ನುವುದು ನನಗೆ ಗೊತ್ತಿತ್ತು. ಅಜ್ಜಿಗೂ ಗೊತ್ತಿತ್ತು.

ನಮ್ಮ ಶಾಲೆ ಹಳಿಯ ಆಚೆ ಊರಿನಲ್ಲಿತ್ತು. ದಾರಿಯಲ್ಲಿ ರೈಲ್ವೆ ಗೇಟು. ಗೇಟಿನ ಪಕ್ಕದ ಸಣ್ಣ ಕೋಣೆಯಲ್ಲಿ ಓಬಳಪ್ಪ ಅಂತ ಗೇಟ್‌ಮನ್ ಇದ್ದ. ರಾಯದುರ್ಗದ ಕಡೆಯವನು, ತೆಳ್ಳಗೆ ಉದ್ದಕ್ಕಿದ್ದ, ತಲೆಗೂದಲೆಲ್ಲ ಬೆಳ್ಳಗಾಗಿತ್ತು. ಮನೆಯಲ್ಲಿ ತೆಲುಗು ಮಾತಾಡುವವನಾದ್ದರಿಂದ ಅವನ ಕನ್ನಡ ಸ್ವಲ್ಪ ಎಳೆದಂತೆ ಕೇಳುತ್ತಿತ್ತು. ನಾವು ಮಕ್ಕಳೆಲ್ಲ ಅವನನ್ನು ಗೇಟಿನ ತಾತ ಅನ್ನುತ್ತಿದ್ದೆವು. ಗೇಟು ಹಾಕಿದಾಗ ಕೆಳಗೆ ನುಸುಳಿದರೆ ಬೈಯುತ್ತಿದ್ದ, ಅದು ಬಿಟ್ಟರೆ ಹೆಚ್ಚು ಮಾತಿನವನಲ್ಲ. ಆದರೆ ಅವನ ಕೋಣೆಯ ಹಿಂದೆ, ಜಲ್ಲಿಕಲ್ಲಿನ ಪಕ್ಕ, ಎರಡು ಹಾಸಿಗೆಯಷ್ಟು ಜಾಗದಲ್ಲಿ ಮಡಿ ಕಟ್ಟಿ ಬೆಳೆದ ಹಸಿರು ವರ್ಷವಿಡೀ ಇರುತ್ತಿತ್ತು. ಹರಿವೆ, ದಂಟು, ಪಾಲಕ್, ನಾಲ್ಕು ಟೊಮೇಟೊ ಗಿಡ, ಮೂಲೆಯಲ್ಲೊಂದು ಸೀಬೆ. ಬಿಸಿಲಿನಲ್ಲಿ ನಡೆದು ಬಂದವರ ಕಣ್ಣಿಗೆ ಅದು ತಂಪಾಗಿ ಕಾಣುತ್ತಿತ್ತು.

ಮರುದಿನ ಶಾಲೆಯಿಂದ ಬರುವಾಗ ಅವನ ಮುಂದೆ ಹೋಗಿ ನಿಂತೆ.

"ತಾತ, ನಂಗೆ ಸೊಪ್ಪು ಬೇಕು."

"ಯಾವ ಸೊಪ್ಪು ಪಾಪ?"

"ಯಾವ್ದಾದ್ರೂ ಸರಿ. ನಮ್ಮವ್ವಂಗೆ. ದಿನಾ ಬೇಕು."

ಅವನು ನನ್ನನ್ನೇ ನೋಡಿದ. ನಾನು ನರ್ಸಮ್ಮ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಸತ್ತ ಮಗುವಿನ ವಿಷಯವನ್ನೂ ಹೇಳಿಬಿಟ್ಟೆ. ಅವನು ಎದ್ದು ಹೋಗಿ ಒಂದು ಹಿಡಿ ಹರಿವೆ ಕಿತ್ತು, ಬೇರಿನ ಮಣ್ಣು ಕೊಡವಿ ನನ್ನ ಕೈಗೆ ಕೊಟ್ಟ.

"ಇವತ್ತು ಕೊಟ್ಟೆ. ಆಗಿದ್ದಾಗ ಕೊಡ್ತೀನಿ. ದಿನಾ ಕೊಡಾಕೆ ನನ್ನ ಮಡಿ ಸಾಲಲ್ಲ. ನಿಮ್ಮನೆ ಹಿತ್ತಲು ಎಷ್ಟೈತೆ?"

"ದೊಡ್ಡದೈತೆ. ಆದ್ರೆ ಬರೀ ಕಲ್ಲು."

"ಇಲ್ಲೇನಿತ್ತು ಅಂದ್ಕಂಡೆ? ಇಲ್ಲೂ ಕಲ್ಲೇ ಇತ್ತು."

ಕೋಣೆಯೊಳಗಿಂದ ಅವನು ಕಾಗದದ ಸಣ್ಣ ಪೊಟ್ಟಣಗಳನ್ನು ತಂದ. ಒಂದರಲ್ಲಿ ಸಾಸಿವೆಗಿಂತ ಸಣ್ಣ, ಹೊಳೆಯುವ ಕಪ್ಪು ಬೀಜ, ಹರಿವೆಯದು. ಇನ್ನೊಂದರಲ್ಲಿ ಪಾಲಕ್. "ಮೆಂತ್ಯ ನಾನು ಕೊಡಲ್ಲ, ಅದು ನಿಮ್ಮನೆ ಒಗ್ಗರಣೆ ಡಬ್ಬೀಲೇ ಐತೆ," ಅಂದ. ನನಗೆ ಆಶ್ಚರ್ಯವಾಯಿತು. ಡಬ್ಬಿಯಲ್ಲಿರುವ ಮೆಂತ್ಯಕ್ಕೆ ಜೀವ ಇರುತ್ತದೆ ಅನ್ನುವುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಹಿಂದಿನ ದಿನ ಸಂಜೆ ನೆಲಕ್ಕೆ ನೀರು ಹಾಕಿ ನೆನೆಯಲು ಬಿಟ್ಟು ಬೆಳಿಗ್ಗೆ ಅಗೆ ಅಂದಿದ್ದ. ಹಾಗೆಯೇ ಮಾಡಿದೆ. ನಮ್ಮ ಹಾರೆ ನನಗಿಂತ ಎತ್ತರ. ಎತ್ತಿ ಹಾಕಿದರೆ ಟಣ್ ಅಂದು ಕೈಯೆಲ್ಲ ಜುಮ್ಮೆನ್ನುತ್ತಿತ್ತು. ಒಂದು ಬೆಳಿಗ್ಗೆಗೆ ಒಂದು ಚಾಪೆಯಷ್ಟು ಜಾಗ ಆಗುತ್ತಿತ್ತು, ಅದರಿಂದ ಒಂದು ಬುಟ್ಟಿ ಕಲ್ಲು ಬರುತ್ತಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಶಾಲೆಯಲ್ಲಿ ಪೆನ್ಸಿಲ್ ಹಿಡಿಯಲಾಗದೆ ಮೇಷ್ಟ್ರ ಕೈಲಿ ಬೈಸಿಕೊಂಡೆ. ಗೆಳತಿಯರು ಚಿಗಳಿ ಕಡ್ಡಿ ಹಿಡಿದು ಬೇಲಿಯ ಆಚೆಯಿಂದ ಕರೆಯುತ್ತಿದ್ದರು. "ಬಾರೆ ರಂಗಿ, ಕುಂಟೆಬಿಲ್ಲೆ ಆಡಾಣ" ಅನ್ನುತ್ತಿದ್ದರು. ಬಾಯಲ್ಲಿ ನೀರೂರುತ್ತಿತ್ತು. ಹೋಗುತ್ತಿರಲಿಲ್ಲ.

ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಕುರಿ ಕಾಯೋರ ಕೈಗೆ ಬೀಜ ಒಗ್ಗಲ್ಲ ಕಣೆ. ನಿಮ್ಮಜ್ಜ ಒಂದ್ಸಲಿ ಕುಂಬಳ ಹಾಕಿದ್ದ, ಬಳ್ಳಿನೂ ಬರ್ಲಿಲ್ಲ."

"ಇದು ಕುಂಬಳ ಅಲ್ಲ ಅಜ್ಜಿ."

"ಬಾಯಿ ಜೋರು ಇದುಕ್ಕೆ," ಅಂದು ಒಳಗೆ ಹೋದಳು.

ಮೂರನೇ ದಿನ ಅವ್ವ ಬಂದು ನನ್ನ ಪಕ್ಕ ಕೂತಳು. ನಾನು ಅಗೆದ ಮಣ್ಣಿನಿಂದ ಸಣ್ಣ ಕಲ್ಲು, ಗರಿಕೆಯ ಬೇರು ಆಯತೊಡಗಿದಳು. ಅವಳ ಉಗುರಿನ ಕೆಳಗೂ ಬಿಳುಪೇ ಇತ್ತು. ಅದನ್ನು ನೋಡಿದ ಮೇಲೆ ನಾನು ಇನ್ನೊಂದು ಚಾಪೆಯಷ್ಟು ಹೆಚ್ಚು ಅಗೆದೆ.

ಒಟ್ಟು ಆರು ಮಡಿ ಆದವು. ಗೊಬ್ಬರಕ್ಕೆ ನಮಗೇನು ಬರ ಅಂದುಕೊಂಡು, ಕುರಿ ರೊಪ್ಪದಿಂದ, ಅಂದರೆ ಕುರಿಗಳನ್ನು ಕೂಡುವ ಬೇಲಿಯೊಳಗಿಂದ, ಹಿಂದಿನ ದಿನದ ಹಿಕ್ಕೆಯನ್ನೇ ಬುಟ್ಟಿಗಟ್ಟಲೆ ತಂದು ಸುರಿದೆ. ಮೇಲೆ ಬೀಜ ಹಾಕಿ ನೀರು ಬಿಟ್ಟೆ. ನಾಲ್ಕನೇ ದಿನ ಮೆಂತ್ಯ ಮೊಳೆಯಿತು. ಮಣ್ಣನ್ನು ತಲೆಯ ಮೇಲೆ ಹೊತ್ತು ಬಂದ ಆ ಮೊಳಕೆಗಳನ್ನು ನೋಡಲು ಮನೆಮಂದಿಯನ್ನೆಲ್ಲ ಕೈಹಿಡಿದು ಕರೆತಂದೆ. ಅಪ್ಪ ಬಗ್ಗಿ ನೋಡಿ, "ಹೌದಲ್ಲೇ, ಬಂದಾವೆ," ಅಂದ. ಅಜ್ಜಿ ಬರಲಿಲ್ಲ.

ಎಂಟನೇ ದಿನಕ್ಕೆ ಎಲ್ಲ ಹಳದಿಯಾದವು. ಹತ್ತನೇ ದಿನ ಕಡ್ಡಿ ಗೀರಿ ಸುಟ್ಟ ಹಾಗೆ ತುದಿ ಕಮರಿ ಮಲಗಿದವು. ಹರಿವೆಯಂತೂ ಮೇಲೆ ಬರಲೇ ಇಲ್ಲ.

ನಾನು ಗೇಟಿಗೆ ಓಡಿದೆ. ಡ್ಯೂಟಿ ಮುಗಿದ ಮೇಲೆ ಓಬಳಪ್ಪ ಸೈಕಲ್ ಹತ್ತಿ ನಮ್ಮ ಮನೆಗೆ ಬಂದ. ಮಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಮಣ್ಣಿನೊಳಗೆ ಬೆರಳು ಹಾಕಿದ.

"ನೀನೂ ಕೈ ಇಡು."

ಇಟ್ಟೆ. ಒಳಗೆ ಬಿಸಿಯಾಗಿತ್ತು, ಜ್ವರ ಬಂದವರ ಮೈಯ ಹಾಗೆ.

"ಹಸೀ ಗೊಬ್ಬರ ಹಾಕೀಯ. ಉರಿ ಹತ್ತಿ ಬೇರು ಸುಟ್ಟೈತೆ. ಹೊಲಕ್ಕಾದ್ರೆ ಮಳೆ ಬೀಳ್ತೈತೆ, ಉಳ್ತಾರೆ, ಅಷ್ಟೊತ್ತಿಗೆ ಆರಿರ್ತೈತೆ. ಮಡಿಗೆ ಹಳೇದೇ ಆಗ್ಬೇಕು."

ನನಗೆ ನಾಚಿಕೆಯಾಯಿತು. ಸುತ್ತ ಊರಿಗೆಲ್ಲ ಗೊಬ್ಬರ ಕೊಡುವ ಮನೆಯವಳಿಗೆ ಗೊಬ್ಬರದ ಗುಣ ಗೊತ್ತಿರಲಿಲ್ಲ. ಓಬಳಪ್ಪ ಬಾಗಿಲ ಕಡೆ ತಿರುಗಿ ಅಜ್ಜಿಯನ್ನು ಕೇಳಿದ: "ಏನಮ್ಮ, ಎರಡು ಮೂರು ವರ್ಷದ ಗೊಬ್ಬರ ಎಲ್ಲಾದ್ರೂ ಐತಾ?"

ಅಜ್ಜಿ ಸೆರಗು ಸರಿಮಾಡಿಕೊಂಡು ಬಾಗಿಲಿನಿಂದ ಈಚೆ ಬಂದಳು. ಹೊರಗಿನವರು ಬಂದು ಕೇಳಿದಾಗ ಇಲ್ಲ ಅನ್ನುವ ಹೆಂಗಸಲ್ಲ ಅವಳು. "ಹಳೇ ರೊಪ್ಪ ಇತ್ತಲ್ಲಪ್ಪ, ಆ ಬಿದ್ದ ಗೋಡೆ ಹಿಂದೆ. ಈಗ ಅಲ್ಲಿ ಕುರಿ ಕೂಡಲ್ಲ. ಅಲ್ಲಿ ಕೆದ್ಕಿದ್ರೆ ಐತೆ ನೋಡ್ರಿ."

ಅಲ್ಲಿ ಕೆದಕಿದಾಗ ಸಿಕ್ಕ ಗೊಬ್ಬರ ಟೀಪುಡಿಯ ಹಾಗಿತ್ತು. ವಾಸನೆಯೇ ಇರಲಿಲ್ಲ, ಮಳೆ ಬಿದ್ದ ಮಣ್ಣಿನ ಕಂಪು ಮಾತ್ರ. ಸುಟ್ಟ ಮಡಿಗಳ ಮೇಲಿನ ಮಣ್ಣು ತೆಗೆದು ಹಾಕಿ ಮತ್ತೆ ಅಗೆದೆ. ಇರುವೆ ಹೊತ್ತೊಯ್ಯದ ಹಾಗೆ ಬೀಜಕ್ಕೆ ಒಲೆಯ ಬೂದಿ ಬೆರೆಸಿ ಹಾಕಲು, ಚೊಂಬಿನಿಂದ ಸುರಿಯದೆ ಬೇವಿನ ಸೊಪ್ಪಿನ ಕಟ್ಟನ್ನು ನೀರಿಗದ್ದಿ ಚಿಮುಕಿಸಲು ಓಬಳಪ್ಪ ಹೇಳಿಕೊಟ್ಟ. ಅಂಗೈಯಷ್ಟು ಎತ್ತರದ ಹತ್ತು ಟೊಮೇಟೊ ಸಸಿಯನ್ನೂ ಕೊಟ್ಟ. ಹೊರಡುವಾಗ, "ಸುಟ್ಟಿದ್ದಕ್ಕೆ ಬೇಜಾರು ಮಾಡ್ಕಬ್ಯಾಡ. ನಂದು ಮೂರು ಸಲಿ ಹೋಗಿತ್ತು," ಅಂದ.

ಈ ಸಲ ಬಂದ ಸಸಿಗಳು ಗಟ್ಟಿಯಾಗಿ ನಿಂತವು. ಬಚ್ಚಲಿನ ನೀರು ಮಡಿಗಳ ಕಡೆ ಹರಿಯುವಂತೆ ಅವ್ವನೇ ಕಾಲಲ್ಲಿ ಒಂದು ಸಣ್ಣ ಕಾಲುವೆ ತೀಡಿದಳು. ಸೋಪು ಹಾಕಿದ ದಿನ ಮಾತ್ರ ಆ ನೀರನ್ನು ಬೇರೆ ಕಡೆ ತಿರುಗಿಸುತ್ತಿದ್ದೆವು. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿತ್ತು, ಅದರಲ್ಲಿ ನಾಲ್ಕು ಕೊಡ ಮಡಿಗೆ ಎಂದು ಎತ್ತಿಡುತ್ತಿದ್ದೆ. ಎರಡು ವಾರಕ್ಕೆ ಹರಿವೆ ಬೆರಳುದ್ದವಾಯಿತು. ಎಲೆಯ ಅಡಿಯ ಕೆಂಪು ನೋಡಿದಾಗಲೆಲ್ಲ ನನಗೆ ಅವ್ವನ ಕಣ್ಣರೆಪ್ಪೆಯದೇ ಯೋಚನೆ. ಇನ್ನೊಂದು ವಾರ, ಅಂದಿದ್ದ ಓಬಳಪ್ಪ.

ಆ ವಾರದಲ್ಲೇ ಅಪ್ಪ ಹದಿನೈದು ದಿನದಿಂದ ದೂರದ ಹೊಲದಲ್ಲಿ ತರುಬಿದ್ದ ಕುರಿಗಳನ್ನು ಮನೆಗೆ ಹೊಡೆದುಕೊಂಡು ಬಂದ. ಸಂಜೆ ನಾನು ಶಾಲೆಯಿಂದ ಬರುವ ಹೊತ್ತಿಗೆ ಹಿತ್ತಲ ತುಂಬ ಕುರಿ. ಹಸಿರು ಕಂಡು ಎಷ್ಟು ದಿನವಾಗಿತ್ತೋ ಅವಕ್ಕೆ. ಮೆಂತ್ಯದ ಮಡಿಯಲ್ಲಿ ಏನೂ ಉಳಿದಿರಲಿಲ್ಲ. ಹರಿವೆಯ ಮೋಟು ಕಡ್ಡಿಗಳು ಮಾತ್ರ ನಿಂತಿದ್ದವು. ಟೊಮೇಟೊ ಸಸಿಯನ್ನು ಮೂಸಿ ಬಿಟ್ಟಿದ್ದವು, ಆದರೆ ನಾಲ್ಕು ತುಳಿತಕ್ಕೆ ಸಿಕ್ಕಿದ್ದವು. ನಾನು ಕೋಲು ತೆಗೆದುಕೊಂಡು ಒಂದು ಮರಿಗೆ ಬೀಸಿ ಹೊಡೆದೆ. ಅದು ಅರಚಿ ಕುಂಟಿಕೊಂಡು ಓಡಿತು. ನಮ್ಮ ಮನೆಯಲ್ಲಿ ಯಾರೂ ಕುರಿಮರಿಗೆ ಹಾಗೆ ಹೊಡೆದದ್ದಿಲ್ಲ.

ಅಪ್ಪ ನನ್ನ ಕೈಯಿಂದ ಕೋಲು ಕಸಿದುಕೊಂಡ. "ಕುರಿಗೇನ್ ಗೊತ್ತಾಗ್ತೈತೆ?"

"ಕುರಿಗೆ ಗೊತ್ತಾಗಲ್ಲ," ಅಂದೆ. "ನಿಂಗೆ ಗೊತ್ತಾಗಲ್ವಾ?"

ಅಪ್ಪನಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಹೊಡೆಯುತ್ತಾನೆ ಅಂದುಕೊಂಡೆ. ಅವನು ಹೊಡೆಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವ್ವನನ್ನು ಒಂದು ಸಲ ನೋಡಿದ, ಮಡಿಯನ್ನೊಂದು ಸಲ ನೋಡಿದ, ಕುರಿ ಕೂಡಲು ಹೋದ.

ಮರುದಿನ ಅಪ್ಪ ಕುರಿಗಳನ್ನು ಹೊಡೆದುಕೊಂಡು ಹೋಗಲಿಲ್ಲ. ಹಸಿದ ಕುರಿಗಳು ರೊಪ್ಪದೊಳಗೆ ಅರಚುತ್ತಿದ್ದವು. ಅವನು ಹಳ್ಳದ ದಡಕ್ಕೆ ಹೋಗಿ ಬಳ್ಳಾರಿ ಜಾಲಿಯ ಮುಳ್ಳು ಕಡಿದು, ಕವೆಗೋಲಲ್ಲಿ ಎಳೆದು ತಂದು, ಆರು ಮಡಿಯ ಸುತ್ತ ಎದೆಯೆತ್ತರದ ಬೇಲಿ ಕಟ್ಟಿದ. ಕೈಯೆಲ್ಲ ಗೀರಿ ರಕ್ತ ಬಂದಿತ್ತು. ನಾನು ನೀರು ಕೊಡಲು ಹೋದಾಗ ಹೇಳಿದ: "ಇಷ್ಟು ವರ್ಷ ಕುರಿ ಒಳಗಿರ್ಲಿ ಅಂತ ಬೇಲಿ ಕಟ್ಟಿದೀನಿ. ಕುರಿ ಹೊರಗಿರ್ಲಿ ಅಂತ ಕಟ್ಟಿದ್ದು ಇದೇ ಮೊದಲು." ಆಮೇಲೆ, "ಆ ಮರಿ ಕಾಲಿಗೆ ಅರಿಶಿನ ಹಚ್ಚು ಹೋಗು," ಅಂದ. ಹೋಗಿ ಹಚ್ಚಿದೆ. ಅದು ನನ್ನನ್ನು ಕಂಡು ಹಿಂದೆ ಸರಿಯಿತು.

ಗೇಟಿನಲ್ಲಿ ಓಬಳಪ್ಪನಿಗೆ ಹೇಳಿದಾಗ ಅವನು ಕೇಳಿದ್ದು ಒಂದೇ ಮಾತು. "ಬೇರು ಐತಾ?"

"ಹರಿವೇದು ಐತೆ."

"ಹಂಗಾದ್ರೆ ನೀರು ಹಾಕು. ಪಕ್ಕದಾಗೆ ಕವಲು ಒಡೀತೈತೆ. ಮೆಂತ್ಯ ಮತ್ತೆ ಚೆಲ್ಲು."

ನೀರು ಹಾಕಲು ನೀರೇ ಇಲ್ಲದಂತಾದದ್ದು ಅದರ ಮೂರನೇ ದಿನ. ಊರಿಗೆ ನೀರು ಕೊಡುತ್ತಿದ್ದ ಬೋರಿನ ಮೋಟರು ಸುಟ್ಟಿತು. ರಿಪೇರಿ ಇವತ್ತು ಆಗುತ್ತದೆ, ನಾಳೆ ಆಗುತ್ತದೆ ಅನ್ನುತ್ತಾ ಹೋದರು. ಟ್ಯಾಂಕರಿನ ನೀರು ಕುಡಿಯಲು ಮತ್ತು ಕುರಿಗೆ ಸರಿಹೋಗುತ್ತಿತ್ತು. ಗೇಟಿನ ಪಕ್ಕ ಒಂದು ಕೈಪಂಪು ಇತ್ತು, ನಮ್ಮ ಮನೆಯಿಂದ ಅರ್ಧ ಮೈಲಿ. ಬೆಳಿಗ್ಗೆ ಶಾಲೆಗೆ ಮುಂಚೆ ಎರಡು ಸಲ, ಸಂಜೆ ಮೂರು ಸಲ, ಒಂದು ಸಣ್ಣ ಕೊಡ ತಲೆಯ ಮೇಲೆ, ಒಂದು ತಂಬಿಗೆ ಕೈಯಲ್ಲಿ. ನಾನು ಮನೆ ಮುಟ್ಟುವ ಹೊತ್ತಿಗೆ ಕೊಡದ ಕಾಲುಭಾಗ ನನ್ನ ಲಂಗದ ಮೇಲೆ ಇರುತ್ತಿತ್ತು. ಅವ್ವ, "ಸಾಕು ಬಿಡೆ ರಂಗಿ, ನಿನ್ ಕುತ್ತಿಗೆ ಉಳುಕ್ತೈತೆ," ಅಂದಳು. ನಾನು ಕೇಳಿಸಿಕೊಳ್ಳದವಳಂತೆ ಕೊಡ ಎತ್ತಿಕೊಂಡೆ.

ನಾಲ್ಕನೇ ದಿನ ಸಂಜೆ ಪಂಪಿನ ಹತ್ತಿರ ಹೋದರೆ ಅಲ್ಲಿ ಅಜ್ಜಿ. ಸೀರೆ ಎತ್ತಿ ಕಟ್ಟಿ, ದೊಡ್ಡ ತಾಮ್ರದ ಕೊಡವನ್ನು ಪಂಪಿನ ಬಾಯಿಗಿಟ್ಟು ನಿಂತಿದ್ದಳು.

"ನಿನ್ ಕೈಲಿ ಎಷ್ಟು ತರಾಕಾಗ್ತೈತೆ. ಪಂಪು ಹೊಡಿ," ಅಂದಳು.

ತುಂಬಿದ ಕೊಡ ತಲೆಯ ಮೇಲಿಟ್ಟುಕೊಂಡು ಇಬ್ಬರೂ ಹಳಿಯ ಪಕ್ಕದ ದಾರಿಯಲ್ಲಿ ನಡೆದೆವು. ಹೊಂಗೆಹೂವು ಉದುರಿ ದಾರಿಯೆಲ್ಲ ಅಕ್ಕಿ ಚೆಲ್ಲಿದ ಹಾಗಿತ್ತು. ಅಜ್ಜಿ ತಲೆ ಅಲ್ಲಾಡಿಸದೆ, ಮುಂದೆ ನೋಡುತ್ತಲೇ ಮಾತಾಡಿದಳು.

"ಹೋದ ಸಲಿ ನಾನು ಏನೇನು ಮಾಡಿದ್ದೆ ಗೊತ್ತಾ. ಹಾಲುರಾಮೇಶ್ವರಕ್ಕೆ ಹೋಗಿ ಹರಕೆ ಕಟ್ಟಿದ್ದೆ. ತೊಟ್ಲು ತೊಳ್ದು ಬಿಸಿಲಿಗಿಟ್ಟಿದ್ದೆ. ಹಳೇ ಸೀರೇಲಿ ಕುಲಾವಿ ಹೊಲ್ದಿದ್ದೆ. ಆ ಕುಲಾವಿ ಹಾಕೇ ಮಣ್ಣು ಮಾಡಿದ್ವಿ. ಅದ್ಕೆ ಈ ಸಲಿ ಏನೂ ಬ್ಯಾಡ ಅಂತಿದ್ದೆ. ಆಸೆ ಮಾಡಿದ್ರೆ ಆಮೇಲೆ ತಡಕಳಾಕಾಗಲ್ಲ."

"ಹಂಗಾದ್ರೆ ನಾನೇನ್ ಮಾಡ್ಲಿ ಅಜ್ಜಿ?"

"ನೀರು ಹಾಕು. ಮತ್ತೇನ್ ಮಾಡ್ತೀಯ. ಬಿರಬಿರನೆ ನಡಿ, ಕೊಡ ಭಾರ ಆಗ್ತೈತೆ."

ಆಮೇಲೆ ಮೋಟರು ರಿಪೇರಿಯಾಗುವವರೆಗೂ ಅಜ್ಜಿ ದಿನಾ ಬಂದಳು. ಒಂದು ದಿನವೂ ಮಡಿ ಒಣಗಲಿಲ್ಲ. ಓಬಳಪ್ಪ ಹೇಳಿದ ಹಾಗೆ ಹರಿವೆಯ ಮೋಟು ಕಡ್ಡಿಯ ಪಕ್ಕಗಳಲ್ಲಿ ಎರಡೆರಡು ಕವಲು ಒಡೆದವು. ಮೆಂತ್ಯ ಮತ್ತೆ ಮೊಳೆಯಿತು. ಪಾಲಕ್ ತಡವಾಗಿಯಾದರೂ ಅಗಲಕ್ಕೆ ಎಲೆ ಬಿಟ್ಟಿತು.

ಯುಗಾದಿ ಕಳೆದ ಐದನೇ ದಿನ ಮೊದಲ ಕೊಯ್ಲು. ಬುಡಸಮೇತ ಕೀಳದೆ ಕುಡುಗೋಲಿನಿಂದ ತುದಿ ಮಾತ್ರ ಕೊಯ್ದೆ, ಮತ್ತೆ ಚಿಗುರಲಿ ಎಂದು. ಒಂದು ಮೊರದ ತುಂಬ ಆಯಿತು. ಅಜ್ಜಿ ಅವತ್ತು ಯಾರನ್ನೂ ಒಲೆಯ ಹತ್ತಿರ ಬಿಡಲಿಲ್ಲ. ತೊಗರಿಬೇಳೆಯ ಜೊತೆ ಸೊಪ್ಪು, ಹಸಿಮೆಣಸಿನಕಾಯಿ, ಒಂದಿಷ್ಟು ಹುಣಸೆಹಣ್ಣು ಬೇಯಿಸಿ, ಕಡಗೋಲಿನಿಂದ ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು. ಹಸಿ ಸೊಪ್ಪು ಬೆಂದ ವಾಸನೆ, ಬೆಳ್ಳುಳ್ಳಿ ಕೆಂಪಾದ ವಾಸನೆ ಮನೆಯ ಮೂಲೆಮೂಲೆಗೂ ಹೋಯಿತು. ಬಿಸಿ ಮುದ್ದೆಯ ಪಕ್ಕ ಮಸ್ಸೊಪ್ಪು ಬಡಿಸಿ ಅವ್ವನ ಮುಂದಿಟ್ಟಳು. ನಾವು ಮೂವರೂ ಅವಳನ್ನೇ ನೋಡುತ್ತಾ ಕೂತೆವು.

"ಯಾಕ್ ಹಿಂಗ್ ನೋಡ್ತೀರ? ನೀವೂ ಉಣ್ರಿ," ಅಂದಳು ಅವ್ವ.

"ನೀನ್ ಉಣ್ಣು ಮೊದ್ಲು," ಅಂದಳು ಅಜ್ಜಿ.

ಅವ್ವ ಮುದ್ದೆ ಮುರಿದು ಸೊಪ್ಪಿನಲ್ಲಿ ಅದ್ದಿ ನುಂಗಿದಳು. ಎರಡನೇ ತುತ್ತಿಗೆ ಅವಳ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಹೆಚ್ಚಾಯಿತಾ ಅಂದರೆ, ಹೂಂ ಅಂದಳು. ಹೆಚ್ಚಾಗಿರಲಿಲ್ಲ, ಆಮೇಲೆ ನಾನೂ ತಿಂದೆನಲ್ಲ.

ಅಂದಿನಿಂದ ಒಂದು ದಿನವೂ ಸೊಪ್ಪು ತಪ್ಪಲಿಲ್ಲ. ಒಂದು ಮಡಿ ಕೊಯ್ದರೆ ಇನ್ನೊಂದು ಮಡಿ ಸಿದ್ಧವಾಗಿರುವ ಹಾಗೆ ಹಿಂದೆ ಮುಂದೆ ಬೀಜ ಹಾಕುವುದನ್ನು ಕಲಿತೆ. ಚೈತ್ರದ ಬಿಸಿಲು ಜೋರಾದಾಗ ಅಪ್ಪ ಮಡಿಗಳ ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿದ. ಬದುಕಿದ ಆರು ಟೊಮೇಟೊ ಗಿಡದಲ್ಲಿ ಹಳದಿ ಹೂ ಬಂದು, ಕಾಯಾಗಿ, ಒಂದೊಂದೇ ಕೆಂಪಾದವು. ಮೊದಲ ಹಣ್ಣನ್ನು ಅವ್ವನಿಗೆ ಗಿಡದ ಪಕ್ಕದಲ್ಲೇ ನಿಲ್ಲಿಸಿ ತಿನ್ನಿಸಿದೆ. ರಸ ಮೊಣಕೈವರೆಗೆ ಇಳಿಯಿತು. ಆಮೇಲೆ ಎರಡನೇ ಸಲ ಬಂದ ನರ್ಸಮ್ಮ ಮತ್ತೆ ಅವಳ ರೆಪ್ಪೆ ಎಳೆದು ನೋಡಿ, "ಪರವಾಗಿಲ್ವೇ, ಬಣ್ಣ ಬಂದೈತೆ. ಮಾತ್ರೆ ಬಿಡಬ್ಯಾಡ, ಸೊಪ್ಪೂ ಬಿಡಬ್ಯಾಡ," ಅಂದಳು. ನಾನೂ ಬಗ್ಗಿ ನೋಡಿದೆ. ತೆಳ್ಳಗೆ ಕೆಂಪಿತ್ತು.

ಶಾಲೆಗೆ ರಜೆ ಬಿಟ್ಟ ಮೇಲೆ ಒಂದು ದಿನ ಓಬಳಪ್ಪನ ಕೋಣೆಯ ಮುಂದೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಕಂಡವು. "ನಮ್ಮೂರ ಕಡೆ ವರ್ಗ ಮಾಡವ್ರೆ ಪಾಪ," ಅಂದ. ಅವನ ಮಡಿ ಯಾರು ನೋಡಿಕೊಳ್ಳುತ್ತಾರೆಂದು ಕೇಳಿದೆ. "ಬರೋನಿಗೆ ಮನಸ್ಸಿದ್ರೆ ನೋಡ್ಕಂತಾನೆ. ಇಲ್ಲಾಂದ್ರೆ ಆಡು ತಿಂತವೆ." ತನ್ನಲ್ಲಿದ್ದ ಬೀಜದ ಪೊಟ್ಟಣಗಳನ್ನೆಲ್ಲ ನನ್ನ ಕೈಗಿಟ್ಟ. "ಅಮ್ಮಂಗೆ ಮಗು ಆದ್ಮೇಲೆ ಹೇಳಿ ಕಳ್ಸು."

"ಯಾರ ಕೈಲಿ ತಾತ?"

"ಗಾಡಿ ಹೋಗ್ತಾವಲ್ಲ. ಯಾವ್ದಾದ್ರೂ ಗಾರ್ಡಿಗೆ ಹೇಳು, ಓಬಳಪ್ಪಂಗೆ ಅಂತ. ಮುಟ್ಟಿಸ್ತಾರೆ."

ಮುಂಗಾರು ಹಿಡಿದ ಮೊದಲ ವಾರಗಳಲ್ಲೇ, ಹೊಳಲ್ಕೆರೆಯ ಆಸ್ಪತ್ರೆಯಲ್ಲಿ ನನ್ನ ತಂಗಿ ಹುಟ್ಟಿದಳು. ಹುಟ್ಟಿದ ಗಳಿಗೆಯಿಂದ ಅತ್ತಳು, ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ. ಅಜ್ಜಿ ಹದಿನೈದು ದಿನ ತೊಟ್ಟಿಲು ಇಳಿಸಲಿಲ್ಲ. ಹದಿನಾರನೇ ದಿನ ಅಟ್ಟದಿಂದ ತಾನೇ ಇಳಿಸಿ, ತೊಳೆದು ಕಟ್ಟಿದಳು. ಅವತ್ತು ಅವ್ವ ನಕ್ಕಿದ್ದು ಹಿತ್ತಲಿಗೆ ಕೇಳಿಸಿತು.

ತೊಟ್ಟಿಲು ಕಟ್ಟಿದ ದಿನ ನಾನು ಗೇಟಿನ ಹತ್ತಿರ ಹೋಗಿ ಹಳಿಯ ಪಕ್ಕ ನಿಂತೆ. ಚಿತ್ರದುರ್ಗ ದಾಟಿ ರಾಯದುರ್ಗದ ಕಡೆ ಹೋಗುವ ಗಾಡಿ ಬಂತು. ಅಲ್ಲಿ ಯಾವ ಗಾಡಿಯೂ ನಿಲ್ಲುವುದಿಲ್ಲ. ಕೊನೆಯ ಡಬ್ಬಿಯ ಬಾಗಿಲಲ್ಲಿ ಬಿಳಿ ಬಟ್ಟೆಯ ಗಾರ್ಡು ಹಸಿರು ಬಾವುಟ ಹಿಡಿದು ನಿಂತಿದ್ದ. ನಾನು ಓಡುತ್ತಾ, "ಓಬಳಪ್ಪ ತಾತಂಗೆ ಹೇಳ್ರಿ, ಹೆಣ್ಣು ಮಗು ಆಗೈತೆ, ಚೆನ್ನಾಗೈತೆ ಅಂತ ಹೇಳ್ರಿ," ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಅವನು ಕೈ ಬೀಸಿದ. ಕೇಳಿಸಿತೋ, ಮಕ್ಕಳಿಗೆಲ್ಲ ಬೀಸುವ ಹಾಗೆ ಬೀಸಿದನೋ ಗೊತ್ತಾಗಲಿಲ್ಲ. ಮರುದಿನವೂ ಹೋಗಿ ಇನ್ನೊಬ್ಬ ಗಾರ್ಡಿಗೆ ಕೂಗಿದೆ. ಒಟ್ಟು ನಾಲ್ಕು ದಿನ ಕೂಗಿದೆ.

ಈಗ ನಾನು ಹೊಳಲ್ಕೆರೆಯಲ್ಲಿ ಅಂಗನವಾಡಿ ಟೀಚರು. ಬಸುರಿಯರಿಗೆ ಸೊಪ್ಪು ತಿನ್ನಿ ಎಂದು ಹೇಳುವುದು ನನ್ನ ಕೆಲಸದಲ್ಲೇ ಸೇರಿದೆ. ಅವರೂ ಹೂಂ ಅನ್ನುತ್ತಾರೆ. ಬೆಳಿಗ್ಗೆ ಮೈಕು ಕಟ್ಟಿಕೊಂಡ ಆಟೋ ಮನೆಬಾಗಿಲಿಗೇ ಸೊಪ್ಪು ತರುತ್ತದೆ, ಎಲ್ಲ ಕಾಲದಲ್ಲೂ, ಎಲ್ಲ ಬಗೆಯದೂ. ಬೆಳೆದುಕೊಳ್ಳಿ ಅಂದರೆ ಜಾಗ ಎಲ್ಲಿದೆ ಟೀಚರ್ ಅನ್ನುತ್ತಾರೆ. ಅದೂ ನಿಜವೇ. ಅಜ್ಜಿ ಹೋಗಿ ಬಹಳ ವರ್ಷವಾಯಿತು. ಅಪ್ಪನಿಗೆ ಮಂಡಿ ನೋವು ಬಂದ ಮೇಲೆ ಕುರಿಗಳೂ ಬೇರೆಯವರ ಹಿಂಡು ಸೇರಿದವು. ಹಳೇ ರೊಪ್ಪದ ಗೊಬ್ಬರವನ್ನು ಯಾರೋ ದಾಳಿಂಬೆ ತೋಟದವರು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋದರಂತೆ, ನೆಲ ಕಾಣುವವರೆಗೆ. ಆರು ಮಡಿಗಳಿದ್ದ ಕಡೆ ಈಗ ತಂಗಿಯ ಮನೆಯ ಅಡಿಗೆಕೋಣೆ ಎದ್ದಿದೆ. ನುಣುಪು ಟೈಲ್ಸು ಹಾಕಿಸಿದ್ದಾಳೆ. ಅಲ್ಲಿ ಕಾಲಿಟ್ಟಾಗಲೆಲ್ಲ ಆ ಮಣ್ಣು ನನಗೆ ನೆನಪಾಗುತ್ತದೆ. ಹೇಳಿದರೆ ಅವಳು ನಗುತ್ತಾಳೆ.

ಈ ಶಿವರಾತ್ರಿಗೆ ಊರಿಗೆ ಹೋದಾಗ ತಂಗಿಯ ಸ್ಕೂಟರಿನ ಹಿಂದೆ ಕೂತಿದ್ದೆ. ಗೇಟು ತೆಗೆದು ಹಳಿಯ ಕೆಳಗೆ ಅಂಡರ್‌ಪಾಸ್ ಮಾಡಿದ್ದಾರೆ. ಅದನ್ನು ದಾಟಿದ ಮೇಲೆ ನಿಲ್ಲಿಸು ಅಂದೆ. ಏರಿಯ ಮೇಲೆ ಹತ್ತಿ ನೋಡಿದೆ. ಗೇಟಿನ ಕೋಣೆ ಇರಲಿಲ್ಲ, ಕೈಪಂಪು ಇರಲಿಲ್ಲ, ಸೀಬೆಮರವೂ ಇರಲಿಲ್ಲ. ಎರಡೂ ಕಡೆ ಒಂದೇ ಸಮನೆ ಹೊಸ ಜಲ್ಲಿಕಲ್ಲು ಸುರಿದಿದ್ದರು.

"ಏನಕ್ಕ ಹುಡುಕ್ತೀಯ?" 

"ನೀನು ಹುಟ್ಟಿದಾಗ ಇಲ್ಲಿ ನಿಂತು ಗಾರ್ಡಿಗೆ ಕೂಗಿದ್ದೆ," ಅಂದೆ.

"ಎಲ್ಲಿ, ತೋರ್ಸು," ಅಂದಳು.

ನಾನು ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ ನಡೆದು ನೋಡಿದೆ. ಇಲ್ಲೇ ಎಂದು ಬೆರಳು ಮಾಡಿ ತೋರಿಸಲು ನನ್ನಿಂದ ಆಗಲಿಲ್ಲ.